ಹಿಂದಿನ ಸೀಟಿನ ನಿದ್ದೆ

ಅವನು ಬೆಂಗಳೂರು ಬಿಟ್ಟು ಮೈಸೂರಿಗೆ ಹೋದ ಮೇಲೆ ನನ್ನ ಹೊಟ್ಟೆಕಿಚ್ಚಿಗೆ ಮಾಡಲು ಕೆಲಸವೇ ಇಲ್ಲದಂತಾಗಿದೆ. ಭಾನುವಾರ ಬೆಳಿಗ್ಗೆ ಹುಣಸಮಾರನಹಳ್ಳಿಯ ಇಡ್ಲಿ ಹೋಟೆಲಿನ ಮುಂದೆ ನಮ್ಮ ಕಾರು ಹುಚ್ಚಿನವರ ಗುಂಪು ಈಗಲೂ ಸೇರುತ್ತದೆ. ಬಾನೆಟ್ ಎತ್ತಿ ನಿಲ್ಲುವವರು, ಪಕ್ಕದವನ ಟೈರನ್ನು ಕಾಲಿನಿಂದ ಒದ್ದು ನೋಡುವವರು, ಸೈಲೆನ್ಸರಿನ ಸದ್ದಿನ ಬಗ್ಗೆ ಜಗಳವಾಡುವವರು ಎಲ್ಲರೂ ಇದ್ದಾರೆ. ಕಳೆದ ವಾರ ಹೊಸಬನೊಬ್ಬ ತನ್ನ ಕಾರು ತಿರುವಿನಲ್ಲಿ ವಾಲುತ್ತದೆ, ಏನು ಮಾಡಲಿ ಎಂದು ನನ್ನನ್ನು ಕೇಳಿದ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದ್ದೆ ಅಷ್ಟೆ, ಪಕ್ಕದಲ್ಲಿದ್ದವನು ನಡುವೆ ಬಾಯಿ ಹಾಕಿದ.

“ಅವ್ರು ಇದ್ದಿದ್ರೆ ಎರಡು ನಿಮಿಷದಲ್ಲಿ ಹೇಳ್ಬಿಡ್ತಿದ್ರು ಗುರು.”

ಅವ್ರು ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಆ ಹೊಸಬ ಕೂಡ ಕೇಳಲಿಲ್ಲ, ಅವನಿಗೂ ಗೊತ್ತಿತ್ತು ಎಂದು ಕಾಣುತ್ತದೆ. ನಾನು ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿಸಿಕೊಂಡೆ.

ಆದ್ದರಿಂದ ಅವನ ಬಗ್ಗೆ ನಾನೇ ಬರೆದುಬಿಡುತ್ತೇನೆ. ಬೇರೆಯವರು ಬರೆದರೆ ಹೊಗಳಿಯೇ ಬರೆಯುತ್ತಾರೆ, ಅದನ್ನು ಓದುವ ಕಷ್ಟವೂ ನನ್ನ ಪಾಲಿಗೇ ಬರುತ್ತದೆ.

ಪೀಣ್ಯದ ಒಂದು ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೇಜಿನಲ್ಲಿ ಕೂರುತ್ತಿದ್ದೆವು. ಅವನು ನನಗಿಂತ ಎರಡು ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು. ಕಡ್ಡಿಯಂಥ ಮೈ, ತೋಳು ಮಡಿಸದ ಅಂಗಿ, ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು. ಮದುವೆಯಾಗಿರಲಿಲ್ಲ, ಬಾಗಲಗುಂಟೆಯಲ್ಲಿ ಅಕ್ಕನ ಜೊತೆ ಇದ್ದ. ಮೊದಲ ದಿನ ನನ್ನನ್ನು ಸಾರ್ ಎಂದವನು ಕೊನೆಯ ದಿನದವರೆಗೂ ಸಾರ್ ಎಂದ. ನಾನು ಅವನನ್ನು ನೀನು ಎನ್ನುತ್ತಿದ್ದೆ. ಈ ಗೌರವದಲ್ಲಿ ಒಂದು ತೊಂದರೆಯಿದೆ. ಗೌರವ ಕೊಡುವವನ ಮೇಲೆ ಜಗಳ ತೆಗೆಯಲು ಕಾರಣವೇ ಸಿಗುವುದಿಲ್ಲ.

ಆಫೀಸಿನಲ್ಲಿ ಅವನು ಅಂಥ ಹುಲಿಯೇನಲ್ಲ. ಡ್ರಾಯಿಂಗುಗಳನ್ನು ತಡವಾಗಿ ಕೊಡುತ್ತಿದ್ದ, ಮೀಟಿಂಗಿನಲ್ಲಿ ಬೈಸಿಕೊಳ್ಳುತ್ತಿದ್ದ. ಬಡ್ತಿ ನನಗೆ ಮೊದಲು ಸಿಕ್ಕಿತು. ಆ ದಿನ ಅವನು ನಿಜವಾಗಿ ಸಂತೋಷಪಟ್ಟು, ಧಾರವಾಡ ಪೇಡದ ಡಬ್ಬಿ ತಂದು ಇಡೀ ವಿಭಾಗಕ್ಕೆ ಹಂಚಿದ. ನನ್ನ ಬಡ್ತಿಗೆ ಅವನ ಪೇಡ. ಎಲ್ಲರೂ ಅವನನ್ನೇ ಒಳ್ಳೆಯವನು ಎಂದರು.

ಕಾರಿನ ಹುಚ್ಚು ಹಿಡಿಸಿದ್ದು ಮಾತ್ರ ನಾನು. ಇದನ್ನು ಗುಂಪಿನಲ್ಲಿ ಈಗ ಯಾರೂ ನೆನಪಿಟ್ಟುಕೊಂಡಿಲ್ಲ, ಹಾಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ಒಂದು ಮಧ್ಯಾಹ್ನ ಊಟದ ನಂತರ, ಮೇಜಿನ ಮೇಲಿದ್ದ ಉಕ್ಕಿನ ಸ್ಕೇಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ, ಸ್ವೇ ಬಾರ್ ಎಂದರೇನು ಎಂದು ಅವನಿಗೆ ಪಾಠ ಹೇಳಿದವನು ನಾನು. ಕಾರು ವೇಗವಾಗಿ ತಿರುಗುವಾಗ ಅದರ ಮೈ ಹೊರಗಡೆಗೆ ವಾಲುತ್ತದೆ. ಆ ವಾಲಾಟ ಕಡಿಮೆ ಮಾಡಲು ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ, ಅಡಿಯಲ್ಲಿ, ಬಗ್ಗಿಸಿದ ಒಂದು ಉಕ್ಕಿನ ಸರಳು ಇರುತ್ತದೆ. ಮುಂದೊಂದು, ಹಿಂದೊಂದು. ಒಂದು ಚಕ್ರ ಮೇಲೆದ್ದರೆ ಸರಳು ತಿರುಚಿಕೊಂಡು ಇನ್ನೊಂದನ್ನೂ ಜೊತೆಗೆ ಎಳೆಯುತ್ತದೆ. ಸರಳು ದಪ್ಪವಾದಷ್ಟೂ ವಾಲುವುದು ಕಡಿಮೆ. ಹಿಂದಿನದನ್ನು ದಪ್ಪ ಮಾಡಿದರೆ ಕಾರಿನ ಮೂಗು ಸಲೀಸಾಗಿ ತಿರುವಿನೊಳಕ್ಕೆ ಹೋಗುತ್ತದೆ. ಇಷ್ಟನ್ನೂ ಚೆನ್ನಾಗಿಯೇ ಹೇಳಿದೆ. ಅವನು ಸ್ಕೇಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ತಿರುಚಿ ನೋಡಿದ. ಸಣ್ಣಗೆ ಕೆಮ್ಮಿದ.

“ಹಿಂದೆ ಕೂತಿರೋರಿಗೆ ಹೆಂಗಿರುತ್ತೆ ಸಾರ್?”

ನಾನು ನಕ್ಕುಬಿಟ್ಟೆ. “ಅದು ಸ್ಪೋರ್ಟ್ಸ್ ಸೆಟಿಂಗ್ ಕಣೋ. ಹಿಂದೆ ಯಾರು ಕೂರ್ತಾರೆ?”

ಅವನೂ ನಕ್ಕ. ಆದರೆ ಆ ಪ್ರಶ್ನೆಯನ್ನು ಅವನು ಬಿಡಲಿಲ್ಲ. ಮುಂದೆ ಅವನು ಮಾಡಿದ್ದೆಲ್ಲ ಆ ಪ್ರಶ್ನೆಯ ಹಿಂದೆಯೇ ಹೋಯಿತು.

ಆ ವರ್ಷ ನಾವಿಬ್ಬರೂ ಒಂದೇ ಮಾದರಿಯ ಹಳೆಯ ಸೆಡಾನ್ ಕೊಂಡೆವು. ನನ್ನದು ಬಿಳಿ, ಅವನದು ಬೂದು. ಬೇರೆ ಬೇರೆ ಕಾರು ಕೊಂಡಿದ್ದರೆ ನನ್ನ ಬದುಕು ಎಷ್ಟೋ ಸುಖವಾಗಿರುತ್ತಿತ್ತು, ಹೋಲಿಸಿ ನೋಡುವವರಿಗೆ ಏನಾದರೂ ನೆಪ ಹೇಳಬಹುದಿತ್ತು. ನಾನು ಮೊದಲ ತಿಂಗಳೇ ಅಂಗಡಿಯಲ್ಲಿ ಸಿಕ್ಕ ಅತಿ ದಪ್ಪನೆಯ ಹಿಂದಿನ ಬಾರ್ ತರಿಸಿದೆ, ಗಟ್ಟಿ ಸ್ಪ್ರಿಂಗ್ ಹಾಕಿಸಿ ಕಾರನ್ನು ಎರಡು ಬೆರಳು ಕೆಳಗಿಳಿಸಿದೆ. ಅವನು ಇಡೀ ಮಳೆಗಾಲ ಏನೂ ಹಾಕಿಸಲಿಲ್ಲ. ಟೈರಿನ ಗಾಳಿಯನ್ನು ಒಂದು ವಾರ ಸ್ವಲ್ಪ ಹೆಚ್ಚು, ಒಂದು ವಾರ ಸ್ವಲ್ಪ ಕಡಿಮೆ ಮಾಡಿಕೊಂಡು ಹೆಸರಘಟ್ಟ ರಸ್ತೆಯಲ್ಲಿ ಓಡಾಡಿದ. ಗುಂಪಿನವರು ಗೇಲಿ ಮಾಡಿದರು. “ಏನ್ ಮಗಾ, ಬರೀ ಗಾಳಿ ತುಂಬಿಸ್ಕೊಂಡ್ ಬರ್ತೀಯ” ಎಂದರು. ನನಗೆ ಆ ದಿನಗಳು ಬಹಳ ಹಿತವಾಗಿದ್ದವು.

“ಒಂದೊಂದಾಗಿ ನೋಡೋಣ ಸಾರ್,” ಎನ್ನುತ್ತಿದ್ದ. “ಎಲ್ಲಾ ಒಟ್ಟಿಗೆ ಬದಲಾಯ್ಸಿದ್ರೆ ಯಾವುದ್ರಿಂದ ಏನಾಯ್ತು ಅಂತ ಗೊತ್ತಾಗಲ್ಲ.”

ಇದು ಎಂಥ ಬೇಸರದ ಮಾತು ನೋಡಿ. ಇದನ್ನು ಹೇಳುವವನನ್ನು ಕಂಡು ಕರುಬಬೇಕಾಗುತ್ತದೆ ಎಂದು ಯಾರು ತಾನೇ ಎಣಿಸುತ್ತಾರೆ?

ಅವನ ಕೆಲವು ಅಭ್ಯಾಸಗಳನ್ನು ಹೇಳುತ್ತೇನೆ. ಕಾರು ಹತ್ತುವಾಗ ಚಪ್ಪಲಿ ಬಿಡುತ್ತಿದ್ದ. ಬರಿಗಾಲಲ್ಲಿ ಓಡಿಸುತ್ತಿದ್ದ. ಕೇಳಿದರೆ, “ಶೂ ಹಾಕ್ಕೊಂಡ್ರೆ ಕಿವಿಗೆ ಹತ್ತಿ ಇಟ್ಕೊಂಡಂಗೆ ಆಗುತ್ತೆ ಸಾರ್” ಎಂದ. ಯಾರಾದರೂ ತಮ್ಮ ಕಾರು ತೋರಿಸಿದರೆ ಮಾತಾಡುವ ಮೊದಲು ಡಿಕ್ಕಿಯ ಮೇಲೆ ಅಂಗೈಯಿಟ್ಟು ಒಮ್ಮೆ ಒತ್ತಿ ಬಿಡುತ್ತಿದ್ದ, ಬಿಟ್ಟು ಬೇರೆ ಎಲ್ಲೋ ನೋಡುತ್ತಿದ್ದ. ಯಾವ ಕಾರನ್ನೂ ಚೆನ್ನಾಗಿಲ್ಲ ಎಂದವನಲ್ಲ. “ಇನ್ನೂ ಕೂತಿಲ್ಲ” ಎನ್ನುತ್ತಿದ್ದ. ಸರಿಯಾಗಿದ್ದರೆ, “ಕೂತಿದೆ.” ಅಷ್ಟೇ. ಈ ಒಂದು ಮಾತಿಗಾಗಿ ದೇವನಹಳ್ಳಿಯಿಂದ, ಆರ್.ಟಿ. ನಗರದಿಂದ ಜನ ಕಾರು ತೆಗೆದುಕೊಂಡು ಬರತೊಡಗಿದರು. ನನ್ನ ಬಿಳಿ ಕಾರಿನ ಡಿಕ್ಕಿಯ ಮೇಲೆ ಅವನು ಎಷ್ಟು ಸಲ ಅಂಗೈಯಿಟ್ಟಿದ್ದನೋ, ಪ್ರತಿ ಸಲವೂ ನಾನು ಕಾಫಿ ಲೋಟದ ಅಂಚಿನಿಂದ ಅವನನ್ನು ನೋಡುತ್ತ ಕಿವಿ ಅವನ ಕಡೆ ಇಟ್ಟಿರುತ್ತಿದ್ದೆ. “ಹತ್ರ ಬಂದಿದೆ ಸಾರ್” ಎನ್ನುವುದಕ್ಕಿಂತ ಮುಂದೆ ಅವನು ಹೋಗಲಿಲ್ಲ.

ಯಲಹಂಕದಲ್ಲಿ ಶಫಿಯ ಗ್ಯಾರೇಜು ನಮ್ಮೆಲ್ಲರ ಅಡ್ಡಾ. ಶಫಿ ನನಗೆ ಇಪ್ಪತ್ತು ವರ್ಷದ ಪರಿಚಯ, ಅವನನ್ನು ಶಫಿಗೆ ಪರಿಚಯ ಮಾಡಿಸಿದ್ದೂ ನಾನೇ. ಅಲ್ಲಿ ಅವನು ಒಂದು ಪದ್ಧತಿ ತಂದ. ಬಾರ್ ಹಿಡಿದಿರುವ ಬೋಲ್ಟುಗಳನ್ನು ಕಾರು ಲಿಫ್ಟಿನಲ್ಲಿ ನೇತಾಡುತ್ತಿರುವಾಗ ಬಿಗಿ ಮಾಡಲು ಬಿಡುತ್ತಿರಲಿಲ್ಲ. ಹಾಗೆ ಬಿಗಿದರೆ ಕಾರು ಕೆಳಗಿಳಿದಾಗ ಒಳಗಿನ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಕೊನೆಯವರೆಗೂ ತಿಣುಕುತ್ತಲೇ ಇರುತ್ತದೆ ಎನ್ನುವುದು ಅವನ ವಾದ. ಇದು ಬಲ್ಲವರೆಲ್ಲ ಒಪ್ಪುವ ಮಾತೇ. ಅವನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಕಾರನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ ಗುಂಡಿಯ ಮೇಲೆ ಚಕ್ರದಲ್ಲೇ ನಿಲ್ಲಿಸಿ ಮಾಲೀಕನನ್ನು ಕೇಳುತ್ತಿದ್ದ.

“ಮನೇಲಿ ಯಾರ್ಯಾರು ಕೂರ್ತಾರೆ ಇದ್ರಲ್ಲಿ?”

ಹೆಂಡತಿ, ಅತ್ತೆ, ಹೈಸ್ಕೂಲಿನ ಮಗಳು ಎಂದರೆ, ಸುಮಾರು ಅಷ್ಟೇ ಭಾರದವರನ್ನು ಅಲ್ಲಿದ್ದವರಲ್ಲಿ ಆರಿಸಿ ಆಯಾ ಸೀಟಿನಲ್ಲಿ ಕೂರಿಸುತ್ತಿದ್ದ. ಎಲ್ಲರೂ ಕೂತ ಮೇಲೆ ಗುಂಡಿಯೊಳಗೆ ಇಳಿದು ಸ್ಪ್ಯಾನರ್ ಹಿಡಿಯುತ್ತಿದ್ದ. ನಾನು ದಪ್ಪಗಿದ್ದೇನೆ. ಹೀಗಾಗಿ ಯಾವ ಕಾರು ಬಂದರೂ ಯಾರದಾದರೊಬ್ಬರ ಅತ್ತೆಯ ಜಾಗ ನನಗೆ ಸಿಗುತ್ತಿತ್ತು. ಅವನಿಗೆ ಸ್ವೇ ಬಾರಿನ ಪಾಠ ಹೇಳಿದ ನಾನು, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ಅಕ್ಕಿ ಮೂಟೆಯ ಹಾಗೆ ಅಲುಗಾಡದೆ ಕೂತಿರಬೇಕು. ಕೆಳಗಿನಿಂದ ಅವನ ದನಿ ಬರುತ್ತಿತ್ತು.

“ಸಾರ್, ಸ್ವಲ್ಪ ಒರಗಿ ಕೂತ್ಕೊಳ್ಳಿ. ಮನೇಲಿ ಅತ್ತೆ ಹಂಗೆ ಮುಂದಕ್ಕೆ ಬಗ್ಗಿ ಕೂರಲ್ಲ.”

ಶಫಿ ನಗು ತಡೆಯಲಾರದೆ ಹೊರಗೆ ಹೋಗುತ್ತಿದ್ದ.

ದಪ್ಪ ಬಾರಿನ ಬಗ್ಗೆ ಅವನಿಗೂ ನನಗೂ ವಾದ ನಡೆಯುತ್ತಲೇ ಇತ್ತು. “ದಪ್ಪ ಆದ್ರೆ ಒಂದ್ ಚಕ್ರ ಗುಂಡಿಗೆ ಇಳಿದದ್ದು ಇನ್ನೊಂದ್ ಚಕ್ರಕ್ಕೂ ಗೊತ್ತಾಗುತ್ತೆ ಸಾರ್. ನಮ್ಮೂರಲ್ಲಿ ಗುಂಡಿ ರಸ್ತೆಗೆ ಅಡ್ಡಡ್ಡ ಇರಲ್ಲ, ಯಾವಾಗ್ಲೂ ಒಂದೇ ಕಡೆ. ಕೂತೋರ ತಲೆ ಆ ಕಡೆ ಈ ಕಡೆ ಹೋಗುತ್ತೆ,” ಎಂದ. ನಾನು ಒಪ್ಪಲಿಲ್ಲ. ನನ್ನ ಬಾರಿನ ತುದಿಯಲ್ಲಿ ಬಿಗಿ ಹೆಚ್ಚುಕಡಿಮೆ ಮಾಡಿಕೊಳ್ಳಲು ಮೂರು ತೂತುಗಳಿದ್ದವು. ಬಾರನ್ನು ಚಕ್ರಕ್ಕೆ ಜೋಡಿಸುವ ಲಿಂಕನ್ನು ಅತಿ ಬಿಗಿಯಾದ ತೂತಿಗೆ ಹಾಕಿಸಿಕೊಂಡು, ಹೆಸರಘಟ್ಟದ ಕಡೆ ಕೆರೆ ಏರಿಯ ಪಕ್ಕದ ತಿರುವಿನಲ್ಲಿ, ತುಂತುರು ಮಳೆಯಲ್ಲಿ, ಎಲ್ಲರಿಗಿಂತ ಮುಂದೆ ಹೋದೆ. ಕಾರಿನ ಹಿಂಭಾಗ ಸದ್ದಿಲ್ಲದೆ ಹೊರಗೆ ಜಾರಿತು. ಕಾರು ಒಂದೂವರೆ ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವನು ಇಳಿದು ಬಂದು, ಕಿಟಕಿಯೊಳಗೆ ಬಗ್ಗಿ ನನ್ನ ಮುಖ ನೋಡಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕಾಫಿ ಕುಡಿಯೋಣ ಬನ್ನಿ ಸಾರ್” ಎಂದ. ಆ ಭಾನುವಾರ ಯಾರೂ ಬಾರಿನ ಮಾತೆತ್ತಲಿಲ್ಲ. ಎತ್ತಬಾರದೆಂದು ಅವನೇ ಹೇಳಿದ್ದನಂತೆ. ಮೈಯೆಲ್ಲ ಉರಿಯಿತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗಂಡಸರ ಗುಂಪಿನಲ್ಲಿ ಯಾರ ಕಾರು ಚೆನ್ನ ಎನ್ನುವುದು ಮನೆಗೆ ಬಂದು ಬಟ್ಟೆ ಬದಲಿಸಿದರೆ ಮರೆತುಹೋಗುವ ವಿಷಯ. ಆದರೆ ವಿಷಯ ಮನೆಗೇ ಬಂತು.

ನನ್ನ ಹೆಂಡತಿ ಸುಮಾಳಿಗೆ ಕಾರು ಆಗಿಬರುವುದಿಲ್ಲ. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ ನನ್ನ ಕಾರು ಆಗಿಬರುವುದಿಲ್ಲ. ಕೆಂಪಾಪುರದ ನಮ್ಮ ಮನೆಯಿಂದ ಹೆಬ್ಬಾಳದ ಮೇಲ್ಸೇತುವೆ ದಾಟುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತದೆ. ಕೈಯಲ್ಲಿ ಒಂದು ನಿಂಬೆಹಣ್ಣು, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಕಿಟಕಿ ಪೂರ್ತಿ ಕೆಳಗೆ. ಬರಬರುತ್ತ ಅವಳು ನನ್ನ ಜೊತೆ ಕಾರಿನಲ್ಲಿ ಬರುವುದನ್ನೇ ಬಿಟ್ಟಳು. ಹಬ್ಬ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಅವಳು ಬಸ್ಸಿನಲ್ಲಿ, ನಾನು ಹಿಂದೆ ಕಾರಿನಲ್ಲಿ. ನಂಟರು ಬಾಗಿಲಲ್ಲಿ ನಿಂತು, ಜಗಳವಾಗಿದೆಯೋ ಹೇಗೆ ಎಂದು ನಮ್ಮಿಬ್ಬರ ಮುಖ ನೋಡುತ್ತಿದ್ದರು.

ಒಮ್ಮೆ ಯಶವಂತಪುರದಲ್ಲಿ ನಮ್ಮ ಆಫೀಸಿನವರ ಮಗಳ ಮದುವೆ. ನನ್ನ ಕಾರು ಶಫಿಯ ಹತ್ತಿರ ಬಿಚ್ಚಿಕೊಂಡು ಬಿದ್ದಿತ್ತು. ಊಟವಾದ ಮೇಲೆ ಅವನು, “ಮೇಡಂ, ಬಿಸಿಲಿದೆ, ನಾನೇ ಬಿಡ್ತೀನಿ ಬನ್ನಿ” ಎಂದ. ಸುಮಾ ಕೈಚೀಲದೊಳಗೆ ನಿಂಬೆಹಣ್ಣಿಗೆ ತಡಕಾಡಿದಳು, ಇರಲಿಲ್ಲ. ಹೋಳಿಗೆ ಊಟ ಬೇರೆ. ನಾನು ಮುಂದೆ ಕೂತು, ಆಗಬೇಕಾದ್ದು ಆಗಲಿ, ಅವನಿಗೂ ಸ್ವಲ್ಪ ಗೊತ್ತಾಗಲಿ ಎಂದು ಕಾದೆ. ಮತ್ತಿಕೆರೆ ದಾಟಿತು. ಬಿ.ಇ.ಎಲ್. ಸರ್ಕಲ್ ದಾಟಿತು. ಹಿಂದಿನಿಂದ ಸದ್ದೇ ಇಲ್ಲ. ತಿರುಗಿ ನೋಡಿದರೆ ಅವಳು ಸೀಟಿಗೆ ತಲೆಯಾನಿಸಿ, ಬಾಯಿ ತುಸು ತೆರೆದುಕೊಂಡು, ಮುಡಿದ ಮಲ್ಲಿಗೆ ಭುಜಕ್ಕೆ ಜಾರಿದ್ದು ಕೂಡ ತಿಳಿಯದಂತೆ ನಿದ್ದೆ ಹೋಗಿದ್ದಳು. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿ ರೇಡಿಯೋದ ಸದ್ದು ಕಡಿಮೆ ಮಾಡಿದ. ಮನೆಯ ಮುಂದೆ ಕಾರು ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ. ನಾನೇ ಎಬ್ಬಿಸಬೇಕಾಯಿತು.

“ಬಂದೇಬಿಡ್ತಾ?” ಎಂದಳು ಕಣ್ಣುಜ್ಜಿಕೊಳ್ಳುತ್ತ.

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಹೆಂಡತಿ ನನ್ನ ಕಾರಿನಲ್ಲಿ ಕಣ್ಣು ಮುಚ್ಚಿದ್ದು ಭಯಕ್ಕೆ ಮಾತ್ರ. ಆ ಮಧ್ಯಾಹ್ನ ನನಗಾದದ್ದನ್ನು ಹೊಟ್ಟೆಕಿಚ್ಚು ಎಂದರೆ ಕಡಿಮೆಯಾಗುತ್ತದೆ. ಅವರಿಬ್ಬರ ನಡುವೆ ಏನೂ ಇಲ್ಲ ಎನ್ನುವುದು ನನಗೆ ಸೂರ್ಯನಷ್ಟು ಸ್ಪಷ್ಟ. ಏನಾದರೂ ಇದ್ದಿದ್ದರೆ ಕೂಗಾಡಬಹುದಿತ್ತು. ನಿದ್ದೆಯ ಮೇಲೆ ಕೂಗಾಡುವುದು ಹೇಗೆ?

ಅಲ್ಲಿಂದ ನನಗೆ ಬೇಕಾಗಿದ್ದು ಒಂದೇ. ಸುಮಾ ನನ್ನ ಕಾರಿನಲ್ಲಿ ಹಾಗೆ ನಿದ್ದೆ ಮಾಡಬೇಕು. ಗುಂಪಿನ ಮೆಚ್ಚುಗೆ, ಹೆಸರಘಟ್ಟದ ತಿರುವು ಎಲ್ಲ ಹಾಳಾಗಿ ಹೋಗಲಿ. ಅವನನ್ನು ಕೇಳುವ ಮಾತೇ ಇರಲಿಲ್ಲ. ಶಫಿಯ ಹತ್ತಿರ ಹೋಗಿ ಬಾಗಿಲು ಎಳೆದುಕೊಂಡು ಕೂತೆ.

“ಅವನ ಗಾಡಿಗೆ ಏನೇನ್ ಹಾಕಿದೀಯೋ, ಅದೆಲ್ಲ ನನ್ನದಕ್ಕೂ ಹಾಕು. ಒಂದೂ ಬಿಡ್ಬೇಡ.”

“ಎಲ್ಲಾನಾ ಸಾರ್?”

“ಎಲ್ಲಾ. ಅವನಿಗೆ ಹೇಳ್ಬೇಡ.”

ಅದೇ ಬಾರ್, ಅದೇ ರಬ್ಬರು, ಅದೇ ಸ್ಪ್ರಿಂಗು, ಅದೇ ಟೈರು. ಎರಡೂ ಕಾರುಗಳು ಬಣ್ಣ ಬಿಟ್ಟರೆ ಒಂದೇ ತಾಯಿಯ ಮಕ್ಕಳಾದವು. ಸುಮಾಳನ್ನು ಪುಸಲಾಯಿಸಿ ಕೂರಿಸಿಕೊಂಡು ಹೊರಟೆ. ಹೆಬ್ಬಾಳದ ಸೇತುವೆಯ ಮೇಲೆ ಅವಳು ಕೈ ಎತ್ತಿದಳು, ನಿಲ್ಲಿಸಲು ಜಾಗ ಹುಡುಕಿ ನಿಲ್ಲಿಸಿದೆ. ಬಾಯಿ ತೊಳೆದುಕೊಂಡು ಬಂದು, “ಇವತ್ತು ಸ್ವಲ್ಪ ಪರವಾಗಿಲ್ಲ ರೀ,” ಎಂದಳು. ನನ್ನ ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಶಫಿಯ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ವಿಷಯ ಬೂದು ಕಾರಿನವನಿಗೆ ಮುಟ್ಟಿತು. ಮುಂದಿನ ಭಾನುವಾರ ಅವನು ನನ್ನ ಕಾರಿನ ಅಡಿಗೆ ಬಗ್ಗಿ ನೋಡಿ ಎದ್ದು, ಮಂಡಿಯ ದೂಳು ಕೊಡವಿಕೊಂಡ. ನನ್ನದನ್ನು ಕದ್ದೆಯಾ ಎನ್ನುವ ಭಾವ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

“ನಂದು ನನ್ನ ಭಾರಕ್ಕೆ, ನಮ್ಮಕ್ಕನ ಭಾರಕ್ಕೆ ಹೊಂದಿಸಿರೋದು ಸಾರ್,” ಎಂದ. ಆಮೇಲೆ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದ. “ಒಂದ್ ಕೆಲಸ ಮಾಡೋಣ. ಮೇಡಂ ಹಿಂದೆ ಕೂತ್ಕೊಳ್ಳಲಿ, ನೀವು ಓಡ್ಸಿ. ನಾನೂ ಅವರ ಪಕ್ಕ ಹಿಂದೇನೇ ಕೂತು ನೋಡ್ತೀನಿ. ಎಲ್ಲಿ ಹೆಚ್ಚುಕಡಿಮೆ ಆಗ್ತಿದೆ ಅಂತ ಗೊತ್ತಾಗುತ್ತೆ.”

“ಬೇಡ ಬಿಡೋ,” ಎಂದೆ. “ಅವಳಿಗೆ ಕಾರೇ ಆಗಲ್ಲ.”

“ಹಂಗಲ್ಲ ಸಾರ್...”

“ಬಿಡು ಅಂದ್ನಲ್ಲ.”

ಅವನು ಬಿಟ್ಟ. ನಾನು ಬಿಡು ಎಂದದ್ದನ್ನು ಅವನು ಯಾವಾಗಲೂ ಬಿಟ್ಟುಬಿಡುತ್ತಿದ್ದ. ಒತ್ತಾಯ ಮಾಡುವ ಗುಣ ಒಂದಿಷ್ಟಾದರೂ ಇರಬೇಕಿತ್ತು.

ಅವನಿಗೆ ತಲೆಸುತ್ತು ಶುರುವಾದದ್ದು ಅದಾದ ಒಂದೆರಡು ವರ್ಷದ ಮೇಲೆ. ಒಳಗಿವಿಯ ತೊಂದರೆ ಎಂದರು. ಕೂತಲ್ಲೇ ಕೋಣೆ ತಿರುಗುತ್ತದಂತೆ, ಹಾಸಿಗೆಯಲ್ಲಿ ಮಗ್ಗುಲಾದರೆ ಬಾವಿಗೆ ಬಿದ್ದ ಹಾಗಾಗುತ್ತದಂತೆ. ಕಾರಿನ ಮೈ ಒಂದು ಕೂದಲಿನಷ್ಟು ವಾಲಿದರೂ ಬೆನ್ನಿನಿಂದಲೇ ತಿಳಿಯುತ್ತಿದ್ದ ಮನುಷ್ಯನಿಗೆ ಈ ಕಾಯಿಲೆ. ಸುದ್ದಿ ಕೇಳಿದಾಗ ಬೇಸರವಾಯಿತು, ನಿಜ. ಗುಂಪಿನವರೆಲ್ಲ ಅವನ ಮನೆಗೆ ಹಣ್ಣು ಹಿಡಿದುಕೊಂಡು ಹೋದರು, ಇಡೀ ತಿಂಗಳು ಇಡ್ಲಿ ಹೋಟೆಲಿನಲ್ಲಿ ಅದೇ ಮಾತು. ನನ್ನ ಕಾರು ಸುತ್ತಿದಾಗ ಒಂದು ಕಾಫಿಯಲ್ಲಿ ಮುಗಿದಿತ್ತು. ಅವನ ತಲೆ ಸುತ್ತಿದರೆ ಊರಿಗೆಲ್ಲ ಚಿಂತೆ.

ಕೊನೆಗೆ ಅವನು ಕಾರು ಮಾರಿದ. ಮಾರುವ ಮೊದಲು ಶಫಿಯ ಹತ್ತಿರ ತಂದು, ಹಾಕಿದ್ದನ್ನೆಲ್ಲ ಬಿಚ್ಚಿಸಿ, ಕಂಪನಿಯಿಂದ ಬಂದ ಹಳೆಯ ಬಾರುಗಳನ್ನೇ ಹಾಕಿಸಿದ. ಹುಚ್ಚೇನೋ ನಿನಗೆ, ಹಾಗೆಯೇ ಕೊಟ್ಟಿದ್ದರೆ ಕೊಂಡವನು ಹರಸುತ್ತಿದ್ದ ಎಂದೆ.

“ಅವರ ಮನೇಲಿ ಯಾರ್ಯಾರು ಕೂರ್ತಾರೋ ನಂಗೆ ಗೊತ್ತಿಲ್ವಲ್ಲ ಸಾರ್” ಎಂದ.

ಆಮೇಲೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮೈಸೂರಿಗೆ ಹೋದ. ಅಕ್ಕ ಅಷ್ಟರಲ್ಲಿ ಅಲ್ಲಿಗೆ ಹೋಗಿದ್ದರು. ಅಲ್ಲಿ ಮಾರ್ಕೆಟ್ಟು, ದೇವಸ್ಥಾನ, ಡಾಕ್ಟರು ಎಲ್ಲ ನಡೆದುಹೋಗುವಷ್ಟು ಹತ್ತಿರವಂತೆ. ಆದರೆ ಅವನು ಹೋಗುವ ಮೊದಲು ನಡೆದ ಒಂದು ಬೆಳಗಿನ ವಿಷಯ ಹೇಳದಿದ್ದರೆ ಅವನ ಚಿತ್ರ ಮುಗಿಯುವುದಿಲ್ಲ.

ಅಕ್ಕ ಮೈಸೂರಿಗೆ ಹೋದ ಹೊಸತು. ಒಂದು ಬೆಳಿಗ್ಗೆ ಫೋನ್ ಮಾಡಿದ. ಹಾಸಿಗೆಯಿಂದ ಏಳಲಾಗುತ್ತಿಲ್ಲ, ಆಫೀಸಿಗೆ ಬರುವುದಿಲ್ಲ, ಹೇಳಿಬಿಡಿ ಸಾರ್ ಎಂದ. ಡಾಕ್ಟರ ಹತ್ತಿರ ಹೋಗಬೇಕಲ್ಲ ಎಂದರೆ, ಆಟೋದಲ್ಲಿ ಹೋಗುತ್ತೇನೆ ಎಂದ. ಪಕ್ಕದಲ್ಲಿ ಕಾಫಿ ಸೋಸುತ್ತಿದ್ದ ಸುಮಾಳಿಗೆ ಎಲ್ಲ ಕೇಳಿಸಿತು.

“ಒಬ್ಬರೇ ಇದಾರಲ್ರೀ. ಆಟೋದಲ್ಲಿ ಹೆಂಗ್ ಹೋಗ್ತಾರೆ? ನಡೀರಿ, ನಾನೂ ಬರ್ತೀನಿ.”

“ಕಾರಲ್ಲಾ?”

“ಮತ್ತೆ ಇನ್ಯಾತರಲ್ಲಿ?”

ಎಷ್ಟೋ ಕಾಲದ ಮೇಲೆ ನನ್ನ ಹೆಂಡತಿ ತಾನಾಗಿಯೇ ನನ್ನ ಕಾರು ಹತ್ತಿದಳು. ಅದೂ ಅವನಿಗಾಗಿ. ನಾನು ಕಾರನ್ನು ರಭಸದಿಂದ ಓಡಿಸಿಕೊಂಡು ಹೋದೆ. ಗೊರಗುಂಟೆಪಾಳ್ಯದ ಹತ್ತಿರ ಅವಳು ನಿಲ್ಲಿಸಿ ಎಂದಳು, ನಿಲ್ಲಿಸಿದೆ. ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು ಮತ್ತೆ ಬಂದು ಕೂತಳು. ಹೇಗೋ ಬಾಗಲಗುಂಟೆ ಸೇರಿದೆವು.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಸುಮಾ ಅವನ ತೋಳು ಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಅಂಥ ಸ್ಥಿತಿಯಲ್ಲೂ ಅವನು ಚಪ್ಪಲಿಯನ್ನು ಕಾರಿನ ಹೊರಗೇ ಬಿಟ್ಟು ಹತ್ತಿದ್ದ, ಅವಳೇ ಇಳಿದು ಎತ್ತಿಕೊಂಡಳು. ಪ್ಲಾಸ್ಟಿಕ್ ಕವರನ್ನು ಅವನ ಕೈಗೆ ಕೊಟ್ಟಳು, ತನ್ನ ನಿಂಬೆಹಣ್ಣನ್ನೂ ಕೊಟ್ಟಳು.

ನಾನು ಹೊರಟೆ. ಹೆಬ್ಬಾಳದ ಆಸ್ಪತ್ರೆಯವರೆಗೆ ರಸ್ತೆ ನನಗೆ ಅಂಗೈ ಗೆರೆಯಷ್ಟು ಪರಿಚಿತ. ಆದರೂ ಆ ದಿನ ಮೊದಲ ಸಲ ನೋಡುವವನ ಹಾಗೆ ನೋಡುತ್ತ ಹೋದೆ. ಉಬ್ಬಿಗೆ ಬಹಳ ಮೊದಲೇ ವೇಗ ಇಳಿಸಿದೆ. ತಿರುವು ಬರುವ ಮುಂಚೆಯೇ ಬ್ರೇಕಿನ ಕೆಲಸ ಮುಗಿಸಿ, ಸ್ಟೀರಿಂಗನ್ನು ಹಾಲಿನ ಪಾತ್ರೆ ತಿರುಗಿಸಿದ ಹಾಗೆ ತಿರುಗಿಸಿದೆ. ನಿಲ್ಲುವ ಕ್ಷಣದಲ್ಲಿ ಬ್ರೇಕಿನಿಂದ ಕಾಲು ತುಸು ಹಗುರ ಮಾಡಿ, ಕಾರು ಮುಗ್ಗರಿಸದಂತೆ ನಿಲ್ಲಿಸಿದೆ. ಹಿಂದಿನವರು ಹಾರನ್ ಹೊಡೆದರು, ಹೊಡೆಯಲಿ ಎಂದು ಬಿಟ್ಟೆ. ಇದನ್ನೆಲ್ಲ ಕರುಣೆಯಿಂದ ಮಾಡಿದೆ ಎಂದುಕೊಳ್ಳಬೇಡಿ. ಕೊನೆಗೂ ಅವನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಆ ಬೆನ್ನು, ಆ ಸೊಂಟ ನನ್ನ ಕಾರಿನ ಬಗ್ಗೆ ಏನು ಹೇಳುತ್ತದೆ ಎಂದು ನಾನು ಕಾದಿದ್ದೆ. ಬಿ.ಇ.ಎಲ್. ಸರ್ಕಲ್ ದಾಟಿದ ಮೇಲೆ ತಡೆಯಲಾಗಲಿಲ್ಲ.

“ಹೇಗಿದೆಯೋ ಗಾಡಿ?”

ಸುಮಾ ಕನ್ನಡಿಯಲ್ಲಿ ನನ್ನನ್ನು ಕೆಕ್ಕರಿಸಿ ನೋಡಿದಳು. ಅವನು ಕಣ್ಣು ತೆರೆಯಲಿಲ್ಲ. ಒಣಗಿದ ದನಿಯಲ್ಲಿ ಹೇಳಿದ.

“ಗೊತ್ತಾಗ್ತಿಲ್ಲ ಸಾರ್. ಈಗ ಎಲ್ಲಾ ಒಂದೇ ಥರ ತಿರುಗುತ್ತೆ. ಸೀಟೂ, ರಸ್ತೇನೂ.” ಕೆಮ್ಮಿದ. “ಕ್ಷಮಿಸಿ ಸಾರ್.”

ಅವನು ಕ್ಷಮೆ ಕೇಳಿದ. ನನ್ನ ಕಾರಿನ ಬಗ್ಗೆ ತೀರ್ಪು ಕೊಡಲಾಗದ್ದಕ್ಕೆ. ಇಡೀ ಊರಿನಲ್ಲಿ ನನಗೆ ಬೇಕಾಗಿದ್ದ ಒಬ್ಬನೇ ಒಬ್ಬ ನ್ಯಾಯಾಧೀಶ ನನ್ನ ಹಿಂದೆಯೇ ಕೂತಿದ್ದ, ಅವನ ತಕ್ಕಡಿಯೇ ಕೆಟ್ಟುಹೋಗಿತ್ತು. ಇನ್ನು ನನ್ನ ಕಾರು ಅವನದಕ್ಕಿಂತ ಮೇಲೋ ಕೆಳಗೋ ಎಂದು ಯಾರು ಹೇಳಬೇಕು? ಅಳು ಬಂದ ಹಾಗಾಯಿತು. ಅವನಿಗಾಗಿಯೋ ನನಗಾಗಿಯೋ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಬಂದು ಅವನನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ಅವನ ಚಪ್ಪಲಿ ಸುಮಾಳ ಕೈಯಲ್ಲೇ ಉಳಿದಿತ್ತು. ನಾವಿಬ್ಬರೂ ಹೊರಗಿನ ಕುರ್ಚಿಗಳಲ್ಲಿ ಕೂತೆವು. ಆಗ ನನಗೆ ಹೊಳೆಯಿತು, ದಾರಿಯಲ್ಲಿ ಅವಳು ಒಮ್ಮೆಯೂ ನಿಲ್ಲಿಸಿ ಎಂದಿರಲಿಲ್ಲ. ನಿಂಬೆಹಣ್ಣೂ ಇರಲಿಲ್ಲ. ಮುಖ ನೋಡಿದೆ, ಬಿಳಿಚಿಕೊಂಡಿರಲಿಲ್ಲ.

“ನಿನಗೆ ಏನೂ ಆಗ್ಲಿಲ್ವಲ್ಲೇ!” ಎಂದೆ. ನನ್ನ ದನಿಯಲ್ಲಿದ್ದ ಸಂಭ್ರಮ ನನಗೇ ಕೇಳಿಸಿತು. “ನಿದ್ದೆ ಬರೋ ಹಾಗಿತ್ತಾ?”

ಅವಳು ಚಪ್ಪಲಿಯನ್ನು ಕುರ್ಚಿಯ ಕೆಳಗಿಟ್ಟಳು.

“ಬರುವಾಗ ಕಾರಲ್ಲಿ ಏನಾದ್ರೂ ಬದಲಾಯ್ಸಿದ್ರಾ?” ಎಂದಳು.

“ಇಲ್ಲ. ಅದೇ ಕಾರು. ಅವನಿಗೆ ತಲೆ ಸುತ್ತುತ್ತಲ್ಲ, ಅದಕ್ಕೇ ಸ್ವಲ್ಪ ಮೆತ್ತಗೆ ಓಡಿಸ್ದೆ.”

“ಇಷ್ಟು ಮೆತ್ತಗೆ ಓಡ್ಸೋಕೆ ಬರುತ್ತೆ ನಿಮಗೆ.”

ಇದು ಪ್ರಶ್ನೆಯಾಗಿರಲಿಲ್ಲ.

“ನನಗೂ ಸುತ್ತುತ್ತಿತ್ತಲ್ರೀ,” ಎಂದಳು. “ಇಷ್ಟು ವರ್ಷ.”

ಹಾಗೆಂದು ಅವಳು ಮುಖ ತಿರುಗಿಸಿ, ಅವನು ಹೋದ ಆ ಮುಚ್ಚಿದ ಬಾಗಿಲನ್ನು ನೋಡಿದಳು. ಆ ನೋಟ ನನಗೆ ಎಲ್ಲಿದ್ದರೂ ಗುರುತು ಸಿಗುತ್ತಿತ್ತು. ಪ್ರತಿ ಭಾನುವಾರ ಕಾಫಿ ಲೋಟದ ಅಂಚಿನಿಂದ ನಾನು ಅವನನ್ನು ನೋಡುತ್ತಿದ್ದದ್ದು ಹಾಗೆಯೇ.